ಬಿಬಿಎ, ಬಿಎಂಎಸ್‌ಗೆ ಅರ್ಜಿ ಹಾಕುವ ಮುಂಬೈ ಕನ್ನಡದ ಮಕ್ಕಳಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾಟುಂಗಾ, ಚೆಂಬೂರು, ಮುಲುಂಡ್, ಡೊಂಬಿವಲಿ ಎಲ್ಲಾ ಕಡೆಯ ನಮ್ಮವರ ಮನೆಗಳಿಂದ ಪ್ರತಿ ವರ್ಷ ಇವೇ ಪ್ರಶ್ನೆಗಳು ಬರುತ್ತವೆ. ಕೆಲವು ಅಪ್ಪ ಅಮ್ಮಂದಿರದು, ಕೆಲವು ಮಕ್ಕಳದು. ಯಾರು ಕೇಳಿದ್ದಾರೋ ಅವರಿಗೇ ಉತ್ತರ ಬರೆದಿದ್ದೇನೆ.

ಬಿಎಂಎಸ್, ಬಿಬಿಎ, ಬಿಎಎಫ್, ಐಪಿಎಂ ಅಂತೆಲ್ಲ ಹೇಳ್ತಾರೆ. ಇವೆಲ್ಲ ಬೇರೆ ಬೇರೆಯಾ?

ಬಿಎಂಎಸ್ ಎಂಬುದು ಮ್ಯಾನೇಜ್‌ಮೆಂಟ್ ಪದವಿಗೆ ಮುಂಬೈ ವಿಶ್ವವಿದ್ಯಾಲಯದ ಕಡೆ ರೂಢಿಯಲ್ಲಿರುವ ಹೆಸರು. ಹೊರಗೆ ಅದನ್ನೇ ಹೆಚ್ಚುಕಡಿಮೆ ಬಿಬಿಎ ಎನ್ನುತ್ತಾರೆ. ಬಿಎಎಫ್ ಅಂದರೆ ಲೆಕ್ಕಪತ್ರ ಮತ್ತು ಹಣಕಾಸು, ಬಿಬಿಐ ಅಂದರೆ ಬ್ಯಾಂಕಿಂಗ್ ಮತ್ತು ವಿಮೆ. ಐಪಿಎಂ ಐದು ವರ್ಷದ ಕೋರ್ಸು. ಹನ್ನೆರಡನೇ ಕ್ಲಾಸ್ ಮುಗಿಸಿ ನೇರ ಐಐಎಂಗೆ ಸೇರಿ ಎಂಬಿಎ ತನಕ ಅಲ್ಲೇ ಓದುವುದು. ಇದನ್ನು ಮೊದಲು ಶುರು ಮಾಡಿದ್ದು ಐಐಎಂ ಇಂದೋರ್, 2011ರಲ್ಲಿ. ನಮ್ಮ ಪೊವಾಯಿಯಲ್ಲೇ ಐಐಎಂ ಮುಂಬೈ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ನಿಟಿ ಎಂಬ ಹಳೆಯ ಸಂಸ್ಥೆಯೇ 2023ರಲ್ಲಿ ಆ ಹೆಸರು ಪಡೆದದ್ದು. ಅದು ಹೆಸರಾಗಿರುವುದು ಎಂಬಿಎಗೆ, ಹನ್ನೆರಡನೇ ಕ್ಲಾಸಿನ ಮಕ್ಕಳು ಅದನ್ನು ಈಗಲೇ ಲೆಕ್ಕಕ್ಕೆ ತೆಗೆದುಕೊಳ್ಳುವುದು ಬೇಡ.

ಇನ್ನೊಂದು ವಿಷಯ ಸರಿಯಾಗಿ ತಿಳಿದುಕೊಳ್ಳಿ. 2024-25ರಿಂದ ಬಿಬಿಎ, ಬಿಎಂಎಸ್ ಕೋರ್ಸುಗಳು ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇ ಕೆಳಗೆ ಬಂದವು, ಮಹಾರಾಷ್ಟ್ರ ಸರ್ಕಾರ ಅವಕ್ಕೆ ಸಿಇಟಿ ಎಂಬ ಪ್ರವೇಶ ಪರೀಕ್ಷೆ ಶುರು ಮಾಡಿತು. ಆಗ ಮುಂಬೈಯ ಹಲವು ಕಾಲೇಜುಗಳು ತಮ್ಮ ಬಿಎಂಎಸ್ ಅನ್ನು 'ಬಿಕಾಂ ಮ್ಯಾನೇಜ್‌ಮೆಂಟ್ ಸ್ಟಡೀಸ್' ಎಂದು ಬದಲಾಯಿಸಿಕೊಂಡವು. ಹಾಗೆ ಬದಲಾದ ಕಡೆ ಸಿಇಟಿ ಬೇಕಿಲ್ಲ, ಬಿಎಂಎಸ್ ಅಂತಲೇ ಉಳಿದ ಕಡೆ ಬೇಕು. ಅಕ್ಕಪಕ್ಕದ ಎರಡು ಕಾಲೇಜುಗಳಲ್ಲೇ ದಾರಿ ಬೇರೆ ಬೇರೆ ಇರಬಹುದು. ಅಣ್ಣನೋ ಅಕ್ಕನೋ ನಾಲ್ಕು ವರ್ಷದ ಹಿಂದೆ ಹೇಗೆ ಸೇರಿದರು ಎಂಬುದನ್ನು ನಂಬಿ ಕೂರಬೇಡಿ. ಕಾಲೇಜಿನ ಈ ವರ್ಷದ ಪ್ರಾಸ್ಪೆಕ್ಟಸ್ ತೆಗೆದು, ಕೋರ್ಸಿನ ಪೂರ್ತಿ ಹೆಸರು ಓದಿ.

ಸುಮ್ನೆ ಬಿಕಾಂ ಜೊತೆ ಸಿಎ ಮಾಡಿಸಿದರೆ ಸಾಲದಾ?

ಸಾಲುತ್ತದೆ, ಮಗುವಿಗೆ ಅದು ಬೇಕಿದ್ದರೆ. ಸಿಎ ಖರ್ಚು ಕಡಿಮೆ, ಗೌರವ ಜಾಸ್ತಿ. 2024ರಿಂದ ಫೌಂಡೇಶನ್ ಪರೀಕ್ಷೆ ವರ್ಷಕ್ಕೆ ಮೂರು ಸಲ ನಡೆಯುತ್ತಿದೆ. ಪ್ರತಿ ಪೇಪರಿನಲ್ಲಿ ಶೇ 40, ಒಟ್ಟು ಶೇ 50 ಬಂದರೆ ಪಾಸು. ಆದರೆ ಸಿಎ ಕೆಲಸದ ತಿರುಳು ಲೆಕ್ಕ, ತೆರಿಗೆ, ಆಡಿಟ್. ಮಾರಾಟ, ಬ್ರ್ಯಾಂಡ್, ಜನರನ್ನು ಒಟ್ಟಿಗೆ ಕೆಲಸ ಮಾಡಿಸುವುದು, ಹೊಸ ಅಂಗಡಿ ಕಟ್ಟುವುದು, ಇದರಲ್ಲಿ ಆಸೆ ಇರುವ ಹುಡುಗಿಯನ್ನು 'ಸೇಫ್' ಅಂತ ಸಿಎಗೆ ತಳ್ಳಿದರೆ ಅವಳಿಗೂ ಕಷ್ಟ, ನಿಮಗೂ ಕಷ್ಟ. ಮೊದಲು ಅವಳನ್ನೇ ಕೇಳಿ. ಕೇಳದೆ ನಿರ್ಧಾರ ಮಾಡಿದ ಮನೆಗಳನ್ನು ನೋಡಿ ನನಗೆ ನಿಜವಾಗಿ ಬೇಸರವಾಗಿದೆ.

ಯಾವ ಯಾವ ಪರೀಕ್ಷೆ ಬರೆಯಬೇಕು?

ಎಲ್ಲವನ್ನೂ ಅಲ್ಲ. ಎರಡು ಅಥವಾ ಮೂರು ಸಾಕು.

ಮುಂಬೈಯಲ್ಲೇ ಇರಬೇಕು ಅಂದರೆ ಮಹಾರಾಷ್ಟ್ರದ ಬಿಬಿಎ-ಬಿಎಂಎಸ್ ಸಿಇಟಿ, ಜೊತೆಗೆ ವಿಲೆ ಪಾರ್ಲೆಯ ಎನ್‌ಎಂಐಎಂಎಸ್ ಬೇಕಿದ್ದರೆ ಎನ್‌ಪ್ಯಾಟ್. ಊರಿನ ನೆಂಟರು 'ಸಿಇಟಿ' ಅಂದಾಗ ಅವರ ತಲೆಯಲ್ಲಿ ಇರುವುದು ಕರ್ನಾಟಕದ ಸಿಇಟಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಪುಣೆಗೆ ಹೋಗಲು ತಯಾರಿದ್ದರೆ ಸಿಂಬಯಾಸಿಸ್‌ನ ಸೆಟ್ ಪರೀಕ್ಷೆ. ಅದರಲ್ಲಿ ಪಾಸಾದ ಮೇಲೆ ಸಂದರ್ಶನ ಮತ್ತು ಬರವಣಿಗೆ ಪರೀಕ್ಷೆಯೂ ಇರುತ್ತವೆ. ಪುಣೆಯ ಫ್ಲೇಮ್‌ನಲ್ಲಿ ಪ್ರವೇಶ ಪರೀಕ್ಷೆಯ ಜೊತೆ ಪ್ರಬಂಧ, ಸಂದರ್ಶನ ಎಲ್ಲ ನೋಡುತ್ತಾರೆ. ದೆಹಲಿಯ ಶಹೀದ್ ಸುಖದೇವ್ ಕಾಲೇಜಿನ ಬಿಎಂಎಸ್‌ಗೆ, ಎಸ್‌ಆರ್‌ಸಿಸಿಗೆ (ಶ್ರೀರಾಮ್ ಕಾಮರ್ಸ್ ಕಾಲೇಜು) ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಸಿಯುಇಟಿ. ಐಐಎಂ ಇಂದೋರ್‌ಗೆ ಐಪಿಮ್ಯಾಟ್. ಐಐಎಂ ಜಮ್ಮು, ಬೋಧ್ ಗಯಾಕ್ಕೆ ಜಿಪ್‌ಮ್ಯಾಟ್.

ಐಪಿಮ್ಯಾಟ್ ಬರೆಯುವವರು ಬೇರೆಯೇ ತಯಾರಿ ಮಾಡಬೇಕು. ಇಂದೋರ್ ಪರೀಕ್ಷೆಯಲ್ಲಿ ಗಣಿತದ ಒಂದು ಭಾಗಕ್ಕೆ ಆಯ್ಕೆಗಳೇ ಇರುವುದಿಲ್ಲ, ಉತ್ತರವನ್ನು ನಾವೇ ಬರೆಯಬೇಕು. ಆಯ್ಕೆ ಇರುವ ಭಾಗದಲ್ಲಿ ತಪ್ಪಾದರೆ ಅಂಕ ಕಳೆಯುತ್ತಾರೆ. ಹನ್ನೊಂದನೇ ಕ್ಲಾಸಿನಲ್ಲೇ ಶುರು ಮಾಡದಿದ್ದರೆ ಕಷ್ಟ.

ಹನ್ನೊಂದರಲ್ಲಿ ಮ್ಯಾತ್ಸ್ ತೆಗೆದುಕೊಳ್ಳಬೇಕಾ, ಎಸ್‌ಪಿ ಸಾಕಾ?

ಮ್ಯಾತ್ಸ್ ತೆಗೆದುಕೋ. ಕಾಮರ್ಸ್ ಮಕ್ಕಳಲ್ಲಿ ಬಹಳ ಜನ ಅಂಕ ಸುಲಭ ಅಂತ ಸೆಕ್ರೆಟೇರಿಯಲ್ ಪ್ರಾಕ್ಟೀಸ್ ಕಡೆ ಹೋಗುತ್ತಾರೆ, ಆಮೇಲೆ ದೆಹಲಿಯ ಬಿಎಂಎಸ್, ಎಕನಾಮಿಕ್ಸ್ ಆನರ್ಸ್ ಎಲ್ಲ ಬಾಗಿಲು ಮುಚ್ಚಿಕೊಳ್ಳುತ್ತವೆ. ಹೊರದೇಶದ ಒಳ್ಳೆಯ ಬಿಸಿನೆಸ್ ಕೋರ್ಸುಗಳೂ ಗಣಿತವನ್ನೇ ಮೊದಲು ನೋಡುತ್ತವೆ. ಐದಾರು ಅಂಕ ಕಡಿಮೆ ಬಂದರೂ ಪರವಾಗಿಲ್ಲ.

ನಮ್ಮದು ಹೋಟೆಲ್. ನಾನು ಎಲ್ಲೂ ಇಂಟರ್ನ್‌ಶಿಪ್ ಮಾಡಿಲ್ಲ. ಅರ್ಜಿಯಲ್ಲಿ ಬರೆಯೋಕೆ ಏನಿದೆ?

ಈ ಪ್ರಶ್ನೆಗೆ ಉದ್ದದ ಉತ್ತರ ಕೊಡುತ್ತೇನೆ, ಯಾಕೆಂದರೆ ಇಲ್ಲೇ ನಮ್ಮ ಮಕ್ಕಳು ಕೈಯಲ್ಲಿದ್ದದ್ದನ್ನು ಬಿಟ್ಟುಬಿಡುತ್ತಾರೆ.

ಬಿಸಿನೆಸ್ ಕೋರ್ಸಿನ ಅರ್ಜಿ ಓದುವವರಿಗೆ ಬೇಕಾದದ್ದು ಒಂದೇ: ಈ ಮಗು ವ್ಯಾಪಾರ ಹೇಗೆ ನಡೆಯುತ್ತದೆ ಎಂದು ಹತ್ತಿರದಿಂದ ನೋಡಿದೆಯಾ, ನೋಡಿ ಯೋಚನೆ ಮಾಡಿದೆಯಾ. ಹತ್ತು ವರ್ಷದಿಂದ ಗಲ್ಲಾದ ಹಿಂದೆ ಕೂತು ಹೋಂವರ್ಕ್ ಮಾಡಿದವಳಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಎಲ್ಲಿದೆ? ಕರಾವಳಿಯಿಂದ ಬಂದ ನಮ್ಮ ಹಿರಿಯರು ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಆಮೇಲೆ ತಮ್ಮದೇ ಹೋಟೆಲ್ ಮಾಡಿದರು. ಮಾಟುಂಗಾ ಸ್ಟೇಷನ್ ಎದುರಿನ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರುವಾದದ್ದು 1942ರಲ್ಲಿ, ಇವತ್ತಿಗೂ ನಡೆಯುತ್ತಿದೆ. ಇಷ್ಟು ವರ್ಷ ಒಂದು ಊಟದ ಮನೆ ಹೇಗೆ ಉಳಿಯುತ್ತದೆ ಎನ್ನುವುದೇ ಬಿಸಿನೆಸ್ ಶಾಲೆಯ ಪ್ರಶ್ನೆ.

ಹಾಗಂತ 'ನಮ್ಮ ತಂದೆಯವರು ಹೋಟೆಲ್ ನಡೆಸುತ್ತಾರೆ, ನಾನು ಸಹಾಯ ಮಾಡುತ್ತೇನೆ' ಅಂತ ಬರೆದರೆ ಏನೂ ಆಗುವುದಿಲ್ಲ. ಕೆಲಸ ಮಾಡು, ಅಳೆ, ಬರೆದಿಡು. ಇವತ್ತಿನಿಂದಲೇ ಒಂದು ನೋಟ್‌ಬುಕ್ ಇಡು. ಒಂದು ಪ್ಲೇಟ್ ಇಡ್ಲಿಗೆ ಅಕ್ಕಿ, ಉದ್ದು, ಗ್ಯಾಸ್, ಭಟ್ಟರ ಸಂಬಳ, ಬಾಡಿಗೆಯ ಪಾಲು ಎಷ್ಟು ಬೀಳುತ್ತದೆ ಎಂದು ಲೆಕ್ಕ ಹಾಕು. 19 ಕೆಜಿಯ ಕಮರ್ಷಿಯಲ್ ಸಿಲಿಂಡರ್ ಎಷ್ಟು ದಿನ ಬರುತ್ತದೆ? ವಾಶಿ ಎಪಿಎಂಸಿಯಿಂದ ತಂದ ತರಕಾರಿಗೂ ಎದುರಿನ ಮಾರ್ಕೆಟ್ಟಿನ ತರಕಾರಿಗೂ ಟೆಂಪೊ ಬಾಡಿಗೆ ಸೇರಿಸಿದ ಮೇಲೆ ಎಷ್ಟು ವ್ಯತ್ಯಾಸ? ಡೆಲಿವರಿ ಆ್ಯಪ್‌ನಲ್ಲಿ ಬಂದ ಆರ್ಡರಿಗೆ ಕಮಿಷನ್ ಕಳೆದರೆ ಕೈಗೆ ಏನು ಉಳಿಯುತ್ತದೆ, ಹಾಗಿದ್ದೂ ಅಪ್ಪ ಆ್ಯಪ್ ಬಿಡುತ್ತಿಲ್ಲ ಯಾಕೆ? ಹೋಟೆಲ್ ಸ್ವಂತದ್ದಾ, ಕಂಡಕ್ಟಿಂಗ್ ಮೇಲೆ, ಅಂದರೆ ಬೇರೆಯವರ ಹೋಟೆಲನ್ನು ಕರಾರಿನ ಮೇಲೆ ನಡೆಸಲು ತೆಗೆದುಕೊಂಡದ್ದಾ? ಕಂಡಕ್ಟಿಂಗ್ ಆದರೆ ಕರಾರು ಮುಗಿದ ಮೇಲೆ ಆ ಜಾಗದಲ್ಲಿ ಕಟ್ಟಿದ ಹೆಸರು ಯಾರದಾಗುತ್ತದೆ? ಇದನ್ನು ಅಪ್ಪನ ಹತ್ತಿರ ಕೂತು ಕೇಳು. ಬಹಳ ಅಪ್ಪಂದಿರು ಇದನ್ನೆಲ್ಲ ಮಕ್ಕಳ ಹತ್ತಿರ ಮಾತಾಡಿಯೇ ಇರುವುದಿಲ್ಲ, ಕೇಳಿದರೆ ಖುಷಿಯಿಂದ ಹೇಳುತ್ತಾರೆ.

ಆಮೇಲೆ ಒಂದು ಸಣ್ಣ ಬದಲಾವಣೆ ಮಾಡಿ ನೋಡು. ದೊಡ್ಡದು ಬೇಡ. ಸಂಜೆ ನಾಲ್ಕರಿಂದ ಆರು ಗಂಟೆ ಟೇಬಲ್ ಖಾಲಿ ಇದ್ದರೆ ಆ ಹೊತ್ತಿಗೆ ಹತ್ತಿರದ ಕ್ಲಾಸಿನ ಮಕ್ಕಳಿಗೆ ಬೇರೆ ಮೆನು, ಉದ್ರಿ ಗಿರಾಕಿಗಳ ಲೆಕ್ಕಕ್ಕೆ ಒಂದು ಎಕ್ಸೆಲ್ ಹಾಳೆ, ಉಳಿದು ಹೋಗುವ ಸಾಂಬಾರಿನ ದಿನದ ದಾಖಲೆ, ಇಂಥದ್ದು. ಎರಡು ಮೂರು ತಿಂಗಳು ಮಾಡಿ, ಏನಾಯಿತು ಅಂತ ಅಂಕಿಗಳಲ್ಲಿ ಬರೆ. ಪ್ರಯೋಗ ಫಲ ಕೊಡದಿದ್ದರೂ ಬರೆ, ಯಾಕೆ ಕೊಡಲಿಲ್ಲ ಅಂತ ನಿನಗೆ ಅರ್ಥವಾಗಿದ್ದರೆ ಅದರಷ್ಟು ಬೆಲೆ ಯಾವ ಸರ್ಟಿಫಿಕೇಟಿಗೂ ಇಲ್ಲ.

ಅಮೆರಿಕದ ಬಹಳ ಕಾಲೇಜುಗಳಿಗೆ ಒಟ್ಟಿಗೆ ನಡೆಯುವ ಕಾಮನ್ ಆ್ಯಪ್ ಅರ್ಜಿಯಲ್ಲಿ ಚಟುವಟಿಕೆಗಳ ಪಟ್ಟಿಗೆ 10 ಜಾಗ ಇವೆ, ಪ್ರತಿಯೊಂದರ ವಿವರಣೆಗೆ 150 ಅಕ್ಷರ. ಅದರಲ್ಲಿ ಸಂಬಳದ ಕೆಲಸಕ್ಕೂ ಮನೆಯ ಜವಾಬ್ದಾರಿಗೂ ಬೇರೆ ಬೇರೆ ವಿಭಾಗವೇ ಇದೆ. ಅಂದರೆ ಗಲ್ಲಾದಲ್ಲಿ ಕೂರುವುದನ್ನು ಅವರು ಚಟುವಟಿಕೆ ಅಂತಲೇ ಎಣಿಸುತ್ತಾರೆ. ನಾಚಿಕೆ ಬೇಡ.

ನಮ್ಮದು ಹೋಟೆಲ್ ಅಲ್ಲ. ಅಪ್ಪ ಬ್ಯಾಂಕಿನಲ್ಲಿದ್ದಾರೆ. ನಾನೇನು ಮಾಡಲಿ?

ನಿನ್ನ ಸುತ್ತ ಇನ್ನೂ ಬೇಕಾದಷ್ಟಿದೆ. ನಮ್ಮ ಊರಿನ ಬ್ಯಾಂಕುಗಳ ಕತೆಯನ್ನೇ ತೆಗೆದುಕೋ. ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಉಡುಪಿಯಲ್ಲಿ ಹುಟ್ಟಿತು, ಕೈಮಗ್ಗದ ನೇಕಾರರಿಗೆ ಸಾಲ ಸಿಗಲಿ ಎಂಬುದು ಅದರ ಹಿಂದಿನ ಯೋಚನೆಗಳಲ್ಲಿ ಒಂದು. 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ಏಜೆಂಟ್ ದಿನಾ ಮನೆ ಬಾಗಿಲಿಗೆ ಬಂದು ಎರಡಾಣೆ ತೆಗೆದುಕೊಂಡು ಹೋಗುವುದು. ಬ್ಯಾಂಕ್ ಮೆಟ್ಟಿಲು ಹತ್ತದ ಜನರ ಪುಡಿಗಾಸು ಸೇರಿ ಬಂಡವಾಳವಾಯಿತು. 2020ರ ಏಪ್ರಿಲ್ 1ರಂದು ಆ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ನಿನ್ನ ಅಪ್ಪ ಅಂಥ ವಿಲೀನವನ್ನು ಒಳಗಿನಿಂದ ನೋಡಿದ್ದರೆ ಅವರ ಜೊತೆ ಒಂದು ಭಾನುವಾರ ಕೂತು ಕೇಳು: ಯಾವ ಶಾಖೆ ಮುಚ್ಚಿದರು, ಹಳೆಯ ಗಿರಾಕಿಗಳು ಏನಂದರು, ಕಂಪ್ಯೂಟರ್ ವ್ಯವಸ್ಥೆ ಹೇಗೆ ಒಂದಾಯಿತು. ಬೇರೆಯವರು ಪತ್ರಿಕೆಯಲ್ಲಿ ಓದಿದ್ದನ್ನು ನೀನು ಮನೆಯಲ್ಲೇ ಕೇಳಿ ತಿಳಿದುಕೊಳ್ಳಬಹುದು.

ಇನ್ನು ಸಂಘದ ಕೆಲಸ. ನಮ್ಮ ಎಲ್ಲ ಸಂಘಗಳಿಗೂ ವಾರ್ಷಿಕೋತ್ಸವ, ಯಕ್ಷಗಾನ, ಗಣೇಶೋತ್ಸವ ಇದ್ದೇ ಇರುತ್ತದೆ. ಜಾಹೀರಾತು ತರುವುದು, ಸ್ಮರಣ ಸಂಚಿಕೆಯ ಲೆಕ್ಕ, ಹಾಲ್ ಬಾಡಿಗೆ, ಊಟದ ಎಲೆ ಎಷ್ಟು ಎಂಬ ಅಂದಾಜು. ಖಜಾಂಚಿ ಮಾಮನ ಪಕ್ಕ ಒಂದು ವರ್ಷ ಕೂತರೆ ಬಜೆಟ್ ಅಂದರೆ ಏನು ಅಂತ ಗೊತ್ತಾಗುತ್ತದೆ. ಅಮ್ಮ ಬಿಲ್ಡಿಂಗಿನ ಹೆಂಗಸರ ಜೊತೆ ಬೀಸಿ (ಚೀಟಿ) ನಡೆಸುತ್ತಿದ್ದರೆ ಅದರ ಲೆಕ್ಕವನ್ನೂ ಬಿಡಿಸಿ ನೋಡು, ಮೊದಲ ತಿಂಗಳು ಹಣ ಎತ್ತಿದವರಿಗೂ ಕೊನೆಗೆ ಎತ್ತಿದವರಿಗೂ ಏನು ಲಾಭ ನಷ್ಟ ಅಂತ. ಬಡ್ಡಿಯ ಪಾಠ ಅಲ್ಲೇ ಇದೆ.

ದುಡ್ಡು ಕೊಟ್ಟರೆ ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಕೊಡ್ತಾರಂತೆ. ತೆಗೆದುಕೊಳ್ಳೋದಾ?

ಬೇಡ. ಸಂದರ್ಶನದಲ್ಲಿ 'ಅಲ್ಲಿ ನೀನು ಏನು ಮಾಡಿದೆ' ಎಂಬ ಎರಡನೇ ಪ್ರಶ್ನೆಗೇ ಅದು ಬಿದ್ದುಹೋಗುತ್ತದೆ. ಒಂದು ಸುಳ್ಳು ಹೊರಬಂದರೆ ನೀನು ನಿಜವಾಗಿ ಮಾಡಿದ್ದನ್ನೂ ನಂಬುವುದಿಲ್ಲ.

ಪ್ರಬಂಧ ಹೇಗೆ ಬರೆಯಬೇಕು?

ಕಾಮನ್ ಆ್ಯಪ್‌ನ ಮುಖ್ಯ ಪ್ರಬಂಧಕ್ಕೆ 650 ಪದದ ಮಿತಿ. ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಹಾಕುವ ಯುಕ್ಯಾಸ್ ಅರ್ಜಿಯ ಪ್ರಬಂಧಕ್ಕೆ ಒಟ್ಟು 4,000 ಅಕ್ಷರ, 2026ರ ಪ್ರವೇಶದಿಂದ ಅದನ್ನು ಮೂರು ಪ್ರಶ್ನೆಗಳಾಗಿ ಒಡೆದಿದ್ದಾರೆ. ಬ್ರಿಟನ್ನಿನವರು ನೀನು ಆ ವಿಷಯವನ್ನೇ ಯಾಕೆ ಓದಬೇಕು, ಅದಕ್ಕೆ ಹೇಗೆ ತಯಾರಾಗಿದ್ದೀಯ ಎಂದು ಕೇಳುತ್ತಾರೆ. ಅಮೆರಿಕದವರು ನೀನು ಎಂಥ ಮನುಷ್ಯ ಎಂದು ಕೇಳುತ್ತಾರೆ. ಒಂದನ್ನೇ ಎರಡು ಕಡೆಗೂ ಕಳಿಸಬೇಡ.

'ಚಿಕ್ಕಂದಿನಿಂದಲೂ ನನಗೆ ವ್ಯಾಪಾರದಲ್ಲಿ ಆಸಕ್ತಿ' ಅಂತ ಶುರು ಮಾಡಬೇಡ. ಓದುವವರಿಗೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಅದರ ಬದಲು ಹೀಗೆ ಇರಲಿ: 'ಮಳೆಗಾಲದಲ್ಲಿ ಕೊತ್ತಂಬರಿ ಬೆಲೆ ಏರಿದಾಗ ಪಕ್ಕದ ಹೋಟೆಲಿನವರು ಚಟ್ನಿ ಕಡಿಮೆ ಮಾಡಿದರು, ಅಪ್ಪ ಮಾಡಲಿಲ್ಲ. ಯಾಕೆ ಅಂತ ನಾನು ಜಗಳ ಆಡಿದೆ. ಆ ತಿಂಗಳ ಬಿಲ್ ಪುಸ್ತಕ ತೆಗೆದು ನೋಡಿದಾಗ ನನ್ನ ಲೆಕ್ಕದಲ್ಲಿ ಇಲ್ಲದ ಒಂದು ಸಂಗತಿ ಸಿಕ್ಕಿತು.' ಇಲ್ಲಿ ಒಬ್ಬ ಮನುಷ್ಯ ಇದ್ದಾನೆ, ಒಂದು ಪ್ರಶ್ನೆ ಇದೆ, ಮುಂದೆ ಓದೋಣ ಅನ್ನಿಸುತ್ತದೆ. ಇದನ್ನೇ ನಕಲು ಮಾಡಬೇಡ, ನಿನ್ನ ಮನೆಯ ಸಂಗತಿ ಹುಡುಕು.

ಡಬ್ಬಾವಾಲಾಗಳ ಬಗ್ಗೆ ಬರೆಯುವ ಆಸೆ ಮುಂಬೈ ಮಕ್ಕಳಿಗೆಲ್ಲ ಬರುತ್ತದೆ. ನಿನ್ನ ಮನೆಯವರೇ ಆ ಕೆಲಸದಲ್ಲಿ ಇಲ್ಲದಿದ್ದರೆ ಬಿಡು.

ಮೊದಲ ಕರಡನ್ನು ಕನ್ನಡದಲ್ಲೋ ತುಳುವಿನಲ್ಲೋ ಯೋಚಿಸಿ ಬರೆದರೂ ಅಡ್ಡಿ ಇಲ್ಲ. ಮನೆಯ ಮಾತಲ್ಲಿ ಬರೆದಾಗ ಸಣ್ಣ ಸಣ್ಣ ವಿವರ ತಾನಾಗಿ ಬರುತ್ತದೆ. ಆಮೇಲೆ ಇಂಗ್ಲಿಷಿನಲ್ಲಿ ಹೊಸದಾಗಿ ಕೂತು ಬರೆ. ಕನ್ಸಲ್ಟೆಂಟ್ ಕೈಯಲ್ಲಾಗಲಿ ಚಾಟ್‌ಬಾಟ್ ಕೈಯಲ್ಲಾಗಲಿ ಬರೆಸಬೇಡ. ಹದಿನೇಳು ವರ್ಷದವರ ದನಿ ಅದರಲ್ಲಿ ಇರುವುದಿಲ್ಲ, ಓದುವವರಿಗೆ ಅದು ತಿಳಿಯುತ್ತದೆ.

ಶಿಫಾರಸು ಪತ್ರ ಯಾರಿಂದ? ಜೂನಿಯರ್ ಕಾಲೇಜಿನಲ್ಲಿ ಯಾರಿಗೂ ನನ್ನ ಹೆಸರೇ ಗೊತ್ತಿಲ್ಲ.

ಇದು ನಿಜವಾದ ತೊಂದರೆ. ಕ್ಲಾಸಿನಲ್ಲಿ ನೂರಕ್ಕೂ ಜಾಸ್ತಿ ಮಕ್ಕಳು, ಕೋಚಿಂಗಿಗೆ ಹೋಗುವವರು ಕಾಲೇಜಿಗೆ ಬರುವುದೇ ಕಡಿಮೆ. ಹಾಗಾಗಿ ಹನ್ನೊಂದನೇ ಕ್ಲಾಸಿನಲ್ಲೇ ಇಬ್ಬರು ಶಿಕ್ಷಕರನ್ನು ಆರಿಸಿಕೋ, ಒಬ್ಬರು ಗಣಿತ ಅಥವಾ ಅಕೌಂಟ್ಸ್, ಇನ್ನೊಬ್ಬರು ಎಕನಾಮಿಕ್ಸ್ ಅಥವಾ ಇಂಗ್ಲಿಷ್. ಅವರ ಕ್ಲಾಸಿಗೆ ಹೋಗು, ಸಂಶಯ ಕೇಳು, ನಿನ್ನ ಹೋಟೆಲ್ ಲೆಕ್ಕವನ್ನೇ ತೋರಿಸು. ಪತ್ರ ಕೇಳುವಾಗ ನೀನು ಏನೇನು ಮಾಡಿದ್ದೀಯ ಎಂದು ಒಂದು ಪುಟದಲ್ಲಿ ಬರೆದು ಕೊಡು. ಕೊನೆಯ ದಿನಕ್ಕೆ ಒಂದೂವರೆ ತಿಂಗಳು ಮೊದಲೇ ಕೇಳು, ಅವರಿಗೂ ಪೇಪರ್ ತಿದ್ದುವ ಕೆಲಸ ಇರುತ್ತದೆ. ಸಂಘದ ಅಧ್ಯಕ್ಷರ, ಕಾರ್ಪೊರೇಟರ್ ಅವರ ಪತ್ರ ಬೇಡ. ನಿನಗೆ ಪಾಠ ಮಾಡಿದವರ ಮಾತು ಬೇಕು.

ಅಮೆರಿಕಕ್ಕೆ ಹಾಕುವವರಿಗೆ 9ರಿಂದ 12ರವರೆಗಿನ ನಾಲ್ಕೂ ವರ್ಷದ ಅಂಕಪಟ್ಟಿ ಬೇಕು. ಇಲ್ಲಿ 9, 10 ಒಂದು ಶಾಲೆ, 11, 12 ಇನ್ನೊಂದು ಕಾಲೇಜು. ಹಳೆಯ ಶಾಲೆಯ ಕಚೇರಿಗೆ ಬೇಸಿಗೆ ರಜೆಗೆ ಮೊದಲೇ ಹೋಗಿ ಬನ್ನಿ.

ಸಂದರ್ಶನದಲ್ಲಿ ಏನು ಕೇಳ್ತಾರೆ? ಮಗಳ ಇಂಗ್ಲಿಷ್ ಅಷ್ಟು ಚೆನ್ನಾಗಿಲ್ಲ.

ಇಂಗ್ಲಿಷ್ ಸರಳವಾಗಿದ್ದರೆ ಸಾಕು. ಅವಳು ಬರೆದದ್ದರ ಮೇಲೆಯೇ ಪ್ರಶ್ನೆ ಬರುತ್ತದೆ. ಹೋಟೆಲ್ ಅಂತ ಬರೆದಿದ್ದರೆ, ಊಟದ ಬಿಲ್ಲಿನ ಮೇಲೆ ಜಿಎಸ್‌ಟಿ ಎಷ್ಟು ಎಂದು ಕೇಳಬಹುದು. ಸಾಮಾನ್ಯ ಹೋಟೆಲಿಗೆ ಶೇ 5, ಆದರೆ ಹೋಟೆಲಿನವರು ತಾವು ಕೊಂಡ ಸಾಮಾನಿಗೆ ಕಟ್ಟಿದ ತೆರಿಗೆಯನ್ನು ಅದರಲ್ಲಿ ಕಳೆಯುವ ಹಾಗಿಲ್ಲ. ಈ ಎರಡನೇ ಮಾತು ಗೊತ್ತಿದ್ದರೆ ಸಂದರ್ಶನ ಅಲ್ಲಿಂದ ಮುಂದೆ ಹರಟೆಯ ಹಾಗೆ ನಡೆಯುತ್ತದೆ. ರೆಪೊ ದರ ಅಂದರೆ ಏನು, ಸೆನ್ಸೆಕ್ಸ್‌ನಲ್ಲಿ 30 ಕಂಪನಿ, ನಿಫ್ಟಿಯಲ್ಲಿ 50, ಇಷ್ಟಾದರೂ ತಿಳಿದಿರಲಿ. ಈ ಊರಿನಲ್ಲಿ ಬೆಳೆದು ದಲಾಲ್ ಸ್ಟ್ರೀಟ್ ಬಗ್ಗೆ ಏನೂ ಗೊತ್ತಿಲ್ಲ ಅನ್ನುವ ಹಾಗಾಗಬಾರದು. 'ಬಿಕಾಂ, ಸಿಎ ಯಾಕೆ ಬೇಡ' ಎಂಬ ಪ್ರಶ್ನೆ ಬರಬಹುದು, ಉತ್ತರ ತಯಾರಿರಲಿ, ಆದರೆ ಸಿಎಯನ್ನು ಹಗುರ ಮಾಡಿ ಮಾತಾಡಬೇಡ.

ಭಾಷಾ ಅಲ್ಪಸಂಖ್ಯಾತರ ಕೋಟಾ ನಮಗೆ ಸಿಗುತ್ತದಾ?

ಕಾಲೇಜು ಯಾವ ಭಾಷೆಯವರದು ಎನ್ನುವುದರ ಮೇಲಿದೆ. ಚರ್ಚ್‌ಗೇಟಿನ ಎಚ್‌ಆರ್, ಕೆಸಿ, ಜೈಹಿಂದ್ ಸಿಂಧಿಯವರ ಸಂಸ್ಥೆಗಳು, ಪಾರ್ಲೆಯ ಎನ್‌ಎಂ, ಮೀಠೀಬಾಯಿ ಗುಜರಾತಿಯವರದು. ಅಲ್ಲಿ ಅವರ ಭಾಷೆಯ ಮಕ್ಕಳಿಗೆ ಸೀಟು ಮೀಸಲು, ನಾವು ಉಳಿದ ಸೀಟಿಗೆ ಸ್ಪರ್ಧಿಸಬೇಕು. ಆದ್ದರಿಂದ ಕಟ್‌ಆಫ್ ನೋಡುವಾಗ ಓಪನ್ ವಿಭಾಗದ್ದನ್ನೇ ನೋಡಿ. ನಮ್ಮವರೇ ಕಟ್ಟಿದ ಕಾಲೇಜುಗಳೂ ಇವೆ, ಪೊವಾಯಿಯಲ್ಲಿ ಬಂಟರ ಸಂಘದ ಎಸ್.ಎಂ. ಶೆಟ್ಟಿ ಕಾಲೇಜು, ಕುರ್ಲಾದಲ್ಲಿ ಅವರದೇ ಕಾಲೇಜುಗಳು. ಅಲ್ಲಿ ಯಾವ ಕೋಟಾ ಇದೆ ಎಂದು ಕಚೇರಿಯಲ್ಲೇ ಕೇಳಿ. ದೊಡ್ಡ ಹೆಸರಿನ ಹಿಂದೆ ಓಡುವವರು ಇವುಗಳನ್ನು ನೋಡುವುದೇ ಇಲ್ಲ, ಅದು ಸರಿಯಲ್ಲ.

ಇಲ್ಲಿನ ಶಾಲೆ ಬಿಡುವ ಸರ್ಟಿಫಿಕೇಟಿನಲ್ಲಿ ಮಾತೃಭಾಷೆಯ ಕಾಲಂ ಇರುತ್ತದೆ. ಕೆಲವರದ್ದರಲ್ಲಿ ಕನ್ನಡ, ಕೆಲವರದ್ದರಲ್ಲಿ ತುಳು ಎಂದಿರುತ್ತದೆ. ಅಣ್ಣನದ್ದು ಒಂದು, ತಂಗಿಯದ್ದು ಇನ್ನೊಂದು ಇರುವುದೂ ಉಂಟು. ಈಗಲೇ ತೆಗೆದು ನೋಡಿ. 10, 12 ಊರಿನಲ್ಲಿ ಓದಿ ಬಂದ ಮಕ್ಕಳನ್ನು ಹೊರರಾಜ್ಯದವರೆಂದು ಎಣಿಸುವ ಸಾಧ್ಯತೆ ಇದೆ. ಡೊಮಿಸೈಲ್ ಸರ್ಟಿಫಿಕೇಟಿಗೆ ಮಹಾರಾಷ್ಟ್ರದಲ್ಲಿ 15 ವರ್ಷ ವಾಸದ ದಾಖಲೆ ಕೇಳುತ್ತಾರೆ, ಕಚೇರಿ ಓಡಾಟಕ್ಕೆ ಸಮಯ ಬೇಕು. ಕರ್ನಾಟಕದಲ್ಲಿ ಮಾಡಿಸಿದ ಜಾತಿ ಪ್ರಮಾಣಪತ್ರ ಇಲ್ಲಿನ ಮೀಸಲಾತಿಗೆ ಸಾಮಾನ್ಯವಾಗಿ ನಡೆಯುವುದಿಲ್ಲ.

ಹೊರದೇಶಕ್ಕೆ ಕಳಿಸುವಷ್ಟು ಹಣ ಇಲ್ಲ. ಅರ್ಜಿ ಹಾಕುವುದೇ ಬೇಡವಾ?

ಹಾಕಬಹುದು, ಆದರೆ ಎಷ್ಟು ಕೊಡಲು ಆಗುತ್ತದೆ ಎಂದು ಮನೆಯಲ್ಲಿ ಮೊದಲೇ ಬಾಯಿ ಬಿಟ್ಟು ಮಾತಾಡಿಕೊಳ್ಳಿ. ಅಮೆರಿಕದ ಬಹಳ ಕಾಲೇಜುಗಳು ಹೊರದೇಶದ ಮಗು ಹಣದ ನೆರವು ಕೇಳಿದರೆ ಅದನ್ನು ಆಯ್ಕೆಯ ಹೊತ್ತಿನಲ್ಲಿ ಗಣನೆಗೆ ತೆಗೆದುಕೊಳ್ಳುತ್ತವೆ. ಎಂಐಟಿಯಂಥ ಕೆಲವೇ ಕಡೆ ಹಾಗಿಲ್ಲ. ಸೀಟು ಸಿಕ್ಕ ಮೇಲೆ ಊರಿನ ಜಾಗ ಮಾರುವ ಮಾತು ಬಂದಾಗ ಮಗುವಿನ ಮೇಲೆ ಬೀಳುವ ಭಾರ ಸಣ್ಣದಲ್ಲ. ಇಲ್ಲಿನ ಕೋರ್ಸಿಗಾದರೆ ವಿದ್ಯಾಲಕ್ಷ್ಮಿ ಪೋರ್ಟಲಿನಲ್ಲಿ ಶಿಕ್ಷಣ ಸಾಲಕ್ಕೆ ಅರ್ಜಿ ಹಾಕಬಹುದು. ನಮ್ಮ ಸಮಾಜದ ಸಂಘಗಳು ವಿದ್ಯಾರ್ಥಿವೇತನ ಕೊಡುತ್ತವೆ, ಕೇಳಲು ಸಂಕೋಚ ಬೇಡ.

ಯಾವಾಗ ಏನು ಮಾಡಬೇಕು?

ಎಚ್‌ಎಸ್‌ಸಿ, ಅಂದರೆ ಹನ್ನೆರಡನೇ ಕ್ಲಾಸಿನ ಬೋರ್ಡ್ ಪರೀಕ್ಷೆ, ಫೆಬ್ರವರಿಯಲ್ಲಿ ಶುರುವಾಗುತ್ತದೆ. ಅಮೆರಿಕದ ಮೊದಲ ಸುತ್ತಿನ ಅರ್ಜಿಗಳು ನವೆಂಬರ್ ಮೊದಲಲ್ಲಿ ಮುಗಿಯುತ್ತವೆ, ಎರಡನೆಯದು ಜನವರಿ ಆರಂಭಕ್ಕೆ. ಬ್ರಿಟನ್ನಿಗೆ ಜನವರಿಯೊಳಗೆ. ಅಂದರೆ ಪ್ರಿಲಿಮ್ಸ್ ಓದುವ ಹೊತ್ತಿಗೇ ಪ್ರಬಂಧ ಬರೆಯಬೇಕಾಗುತ್ತದೆ. ಹನ್ನೊಂದು ಮುಗಿದ ಬೇಸಿಗೆಯಲ್ಲಿ, ಊರಿಗೆ ಹೋದಾಗ, ಪ್ರಬಂಧದ ಕರಡು ಮುಗಿಸಿಬಿಡು. ದೇಶದೊಳಗಿನ ಪರೀಕ್ಷೆಗಳು ಹೆಚ್ಚಾಗಿ ಬೋರ್ಡ್ ಮುಗಿದ ಮೇಲೆಯೇ, ಏಪ್ರಿಲ್, ಮೇನಲ್ಲಿ. ಅದಕ್ಕೆ ಅರ್ಜಿ ತುಂಬುವುದು ಮಾತ್ರ ಬೋರ್ಡ್ ಪರೀಕ್ಷೆಗೆ ಮೊದಲೇ ಶುರುವಾಗಿರುತ್ತದೆ. ಆ ಕೆಲಸ ಅಪ್ಪ ಅಮ್ಮ ವಹಿಸಿಕೊಂಡರೆ ಮಗು ಓದಿಕೊಳ್ಳುತ್ತದೆ.

ಆಧಾರ್‌ನಲ್ಲಿ ಒಂದು ಹೆಸರು, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು. ಏನಾಗುತ್ತದೆ?

ನಮ್ಮವರಿಗೆ ಇದು ಬಹಳ ಆಗುತ್ತದೆ. ಮಹಾರಾಷ್ಟ್ರ ಬೋರ್ಡಿನಲ್ಲಿ ಮೊದಲು ಅಡ್ಡಹೆಸರು, ಆಮೇಲೆ ಮಗುವಿನ ಹೆಸರು, ಆಮೇಲೆ ಅಪ್ಪನ ಹೆಸರು. ಊರಿನಲ್ಲಿ ಮಾಡಿಸಿದ ಜನನ ಪತ್ರದಲ್ಲಿ ಬರೀ ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಮೂರನೇ ತರಹ. ಹೆಸರಿನ ಕಾಗುಣಿತ ಎಲ್ಲಾ ಕಡೆ ಒಂದೇ ಇದ್ದು ಬರೀ ಕ್ರಮ ಹಿಂದೆ ಮುಂದೆ ಆಗಿದ್ದರೆ ಸಾಮಾನ್ಯವಾಗಿ ದೊಡ್ಡ ಸಮಸ್ಯೆ ಅಲ್ಲ. ಕಾಗುಣಿತವೇ ಬೇರೆ ಇದ್ದರೆ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಹೇಗಿದೆಯೋ ಹಾಗೆ ಆಧಾರ್ ಮತ್ತು ಪಾಸ್‌ಪೋರ್ಟ್ ತಿದ್ದಿಸಿಕೊಳ್ಳಿ, ಪರೀಕ್ಷೆಗಳಿಗೆ ಹೆಸರು ನೋಂದಾಯಿಸುವ ಮೊದಲೇ. ಮಾರ್ಕ್ಸ್ ಕಾರ್ಡೇ ತಪ್ಪಾಗಿದ್ದರೆ ಶಾಲೆಯ ಮೂಲಕ ಬೋರ್ಡಿಗೆ ಬರೆಯಬೇಕು, ಅದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು, ಹಾಗಾಗಿ ಹನ್ನೊಂದನೇ ಕ್ಲಾಸಿನ ದೀಪಾವಳಿ ರಜೆಯೊಳಗೆ ಎಲ್ಲಾ ಕಾಗದಗಳನ್ನೂ ಒಂದು ಫೈಲಿನಲ್ಲಿಟ್ಟು ಹೆಸರು, ಹುಟ್ಟಿದ ತಾರೀಖು ಅಕ್ಷರ ಅಕ್ಷರ ತಾಳೆ ಹಾಕಿ ನೋಡಿ.